ನಾನೂರ ಇಪ್ಪತ್ತು ಗ್ರಾಂ

ಈ ಕಡೆ ಏನೂ ಬರೆಯದೆ ಮೂರು ತಿಂಗಳ ಮೇಲಾಯ್ತು. ಆಫೀಸು, ರಿಲೀಸು, ಮತ್ತೆ ಆಫೀಸು... ಕಾರಣಗಳು ನಿಮಗೂ ಗೊತ್ತಿರೋವೇ ಬಿಡಿ. ಹೋದ ವಾರ ಎರಡು ದಿನ ರಜೆ ಸಿಕ್ತು ಅಂತ ಊರಿಗೆ ಹೋಗಿದ್ದೆ. ಅವ್ವ ಹಳೇ ಅಲಮಾರಿ ಸ್ವಚ್ಛ ಮಾಡು ಅಂದಳು. ಅದರ ಕೆಳಗಿನ ಖಾನೆಯಲ್ಲಿ ಹುನಗುಂದದ ಕಿರಾಣಿ ಅಂಗಡಿಯ ಒಂದು ಚೀಟಿ ಸಿಕ್ತು. ಅದರ ಬೆನ್ನಿಗೆ ನನ್ನದೇ ಅಕ್ಷರದಲ್ಲಿ ಎರಡು ಸಾಲು.

3.250
2.830

ಅಷ್ಟೇ. ಬೇಳೆಯದ್ದೂ ಅಲ್ಲ, ಬೆಲ್ಲದ್ದೂ ಅಲ್ಲ. ಅದು ನಮ್ಮ ಮುತ್ಯಾನ ಬಂದೂಕಿನ ತೂಕ, ನಾನು ಕೈ ಹಾಕುವ ಮೊದಲು ಮತ್ತು ಕೈ ಹಾಕಿದ ಮೇಲೆ. ಇದನ್ನ ಇಲ್ಲಿವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ. ಇವತ್ತು ಬರೆದುಬಿಡ್ತೀನಿ.

ದಕ್ಷಿಣದ ಗೆಳೆಯರಿಗೆ ಒಂದು ಮಾತು. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅಂತೀವಿ, ಏಕವಚನದಲ್ಲೇ ಮಾತಾಡಿಸ್ತೀವಿ. ಅಗೌರವ ಅಂತ ತಿಳ್ಕೋಬೇಡಿ.

ಬಂದೂಕನ್ನ ತಂದವನು ಮುತ್ಯಾ ಅಲ್ಲ, ಮುತ್ಯಾನ ಅಪ್ಪ. ಅದು 1955. ಆಗ ನಮ್ಮ ಊರು ಇನ್ನೂ ಮುಂಬಯಿ ರಾಜ್ಯದ ಬಿಜಾಪುರ ಜಿಲ್ಲೆಯಲ್ಲಿತ್ತು. ಹಾಗಾಗಿ ಮೊದಲನೇ ಲೈಸೆನ್ಸ್ ಆದದ್ದು ಬಾಂಬೆ ಸರಕಾರದ ಹೆಸರಲ್ಲಿ. 1956ರ ನವೆಂಬರ್‌ನಲ್ಲಿ ಮೈಸೂರು ರಾಜ್ಯ ಆಯ್ತು, ಆಮೇಲೆ 1973ರಲ್ಲಿ ಕರ್ನಾಟಕ ಆಯ್ತು, 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆ ಆಯ್ತು. ಬಂದೂಕು ಮಾತ್ರ ಅದೇ ಮೊಳೆಗೆ ತೂಗಿಕೊಂಡಿತ್ತು. ರಿನೀವಲ್‌ಗೆ ಮುತ್ಯಾ ಮೊದಲು ಬಿಜಾಪುರಕ್ಕೆ ಹೋಗುತ್ತಿದ್ದವನು ಆಮೇಲೆ ಬಾಗಲಕೋಟೆ ನವನಗರಕ್ಕೆ ಹೋಗತೊಡಗಿದ. ವ್ಯತ್ಯಾಸ ಅಷ್ಟೇ.

ಊರಲ್ಲಿ ಎಲ್ಲರೂ ಅದಕ್ಕೆ 'ರೈಫಲ್ಲು' ಅಂತಿದ್ದರು. ಖರೆ ಹೇಳಬೇಕಂದ್ರೆ ಅದು ರೈಫಲ್ ಅಲ್ಲ. ರೈಫಲ್ಲಿನ ನಳಿಗೆಯ ಒಳಗೆ ಸುರುಳಿ ಗೆರೆಗಳಿರ್ತವೆ, ಒಂದೇ ಗುಂಡು ತಿರುಗುತ್ತಾ ದೂರ ಹೋಗತ್ತೆ. ಶಿಕಾರಿಯವರ ಮನೆಗಳಲ್ಲಿ ಇರ್ತಿದ್ದ ಇಶಾಪುರ ಕಾರ್ಖಾನೆಯ .315 ಅಂಥದ್ದು. ನಮ್ಮದು 12 ಬೋರಿನ ಒಂಟಿ ನಳಿಗೆ, ಒಳಗೆ ಕನ್ನಡಿಯಂತೆ ನುಣುಪು. ತೋಟಾದ ತುಂಬ ಸಣ್ಣ ಸೀಸದ ಚರೆಗಳು. ಬೆಲ್ಜಿಯಂ ಮಾಲು. ನಳಿಗೆಯ ಕೆಳಗೆ ಮೊಟ್ಟೆಯಾಕಾರದ ಸಣ್ಣ ಮುದ್ರೆಯೊಳಗೆ ಇ.ಎಲ್.ಜಿ. ಅಂತ ಅಕ್ಷರ ಇದ್ದವು. ಅದು ಲೀಜ್ ಪಟ್ಟಣದಲ್ಲಿ ಬಂದೂಕು ಪರೀಕ್ಷೆ ಮಾಡುವ ಸಂಸ್ಥೆಯ ಗುರುತು ಅನ್ನೋದು ನನಗೆ ಇಂಟರ್ನೆಟ್ ಬಂದ ಮೇಲೆ ಗೊತ್ತಾಯ್ತು. ಮುತ್ಯಾನ ಪ್ರಕಾರ ಅದು "ಇಲಕಲ್ ಗೋದಾಮು" :)

ವಯಸ್ಸಿನಲ್ಲಿ ಮುತ್ಯಾ ಶಿಕಾರಿ ಮಾಡಿದವನೇ. ಮೊಲ, ಕವುಜುಗ, ಕೆಲವೊಮ್ಮೆ ಚಿಗರಿ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದೆಲ್ಲ ನಿಂತಿತು. ನಿಂತದ್ದಕ್ಕೆ ಅವನಿಗೆ ಬೇಜಾರೇನೂ ಇರಲಿಲ್ಲ. "ಚಿಗರಿನೂ ತಿಂದ್ವಿ, ಕಾಯ್ದೆನೂ ಬಂತು, ಚಿಗರಿನೂ ಹೋದ್ವು" ಅಂತಿದ್ದ. ಅದಾದ ಮೇಲೆ ಬಂದೂಕಿಗೆ ಒಂದೇ ಕೆಲಸ. ಹುನಗುಂದ ಮತ್ತು ಇಳಕಲ್ ನಡುವೆ ಗುಡ್ಡದ ಮಗ್ಗುಲಿಗೆ ನಮ್ಮದೊಂದು ಮಸಾರಿ ಹೊಲ ಇದೆ. ಶೇಂಗಾ, ಗೋವಿನಜೋಳ ಬೆಳೀತೀವಿ. ಗುಡ್ಡದಿಂದ ರಾತ್ರಿ ಹಂದಿ ಇಳಿದು ಬರ್ತವೆ. ಒಂದು ಹಿಂಡು ಒಂದು ರಾತ್ರಿ ನುಗ್ಗಿದರೆ ಮೂರು ತಿಂಗಳ ದುಡಿತ ನೆಲಸಮ. ಮುತ್ಯಾ ಹೋಗಿ ಆಕಾಶಕ್ಕೆ ಒಂದು ಗುಂಡು ಹಾರಿಸಿ ಬರ್ತಿದ್ದ. ಹಂದಿಯನ್ನ ಹೊಡೆದದ್ದನ್ನ ನಾನಂತೂ ನೋಡಿಲ್ಲ.

ಚುನಾವಣೆ ಬಂತೆಂದರೆ ಲೈಸೆನ್ಸ್ ಇದ್ದವರೆಲ್ಲ ಬಂದೂಕನ್ನ ಠಾಣೆಗೆ ಒಪ್ಪಿಸಬೇಕಲ್ಲ? 2018ರಲ್ಲಿ ನಾನು ಕಾಲೇಜಿನ ರಜೆಯಲ್ಲಿದ್ದೆ, ಮುತ್ಯಾನ ಜೊತೆಗೆ ಹೋಗಿದ್ದೆ. ರಸೀದಿ ಕಿಸೆಯಲ್ಲಿ ಇಟ್ಟುಕೊಂಡು ಹೊರಗೆ ಬಂದ ಮೇಲೆ ಚಹಾದಂಗಡಿಯಲ್ಲಿ ಅವನು ಹಲಗಲಿ ಕತೆ ತೆಗೆದ. ಮುಧೋಳ ತಾಲೂಕಿನ ಹಲಗಲಿ. 1857ರಲ್ಲಿ ಆಯುಧ ಇಟ್ಟುಕೊಳ್ಳೋಕೆ ಸರಕಾರದ ಪರವಾನಗಿ ಬೇಕು ಅಂತ ಕುಂಪಣಿ ಕಾಯ್ದೆ ಮಾಡಿದಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾದವರಿಗೆ ಆಯುಧ ಕೊಡು ಅಂದರೆ ಕೈ ಕಡಿದು ಕೊಡು ಅಂದಂಗೆ. ನವೆಂಬರ್‌ನಲ್ಲಿ ದಂಡು ಬಂತು, ಊರು ಸುಟ್ಟಿತು, ಡಿಸೆಂಬರ್‌ನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಒಟ್ಟು 19 ಜನರನ್ನ ಗಲ್ಲಿಗೆ ಹಾಕಿದರು. ಆ ಲಾವಣಿ ನಮ್ಮ ಕಡೆ ಇನ್ನೂ ಹಾಡ್ತಾರೆ. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ ಅದನ್ನ ಸಂಗ್ರಹಿಸಿ ಅಚ್ಚು ಹಾಕಿಸಿದ್ದ. ಕತೆ ಮುಗಿಸಿ ಮುತ್ಯಾ ಚಹಾದ ಬಸಿ ಕೆಳಗಿಟ್ಟು,

"ಅವ್ರು ಬಂದೂಕ ಕೊಡಾಕ ಒಲ್ಲೆ ಅಂದು ಜೀವಾ ಕೊಟ್ರು. ನಾವು ಕೊಟ್ಟು ರಸೀದಿ ತಗೊಂಡು ಚಾ ಕುಡ್ಯಾಕ ಹತ್ತೇವಿ. ಭಾಳ ಶಾಣ್ಯಾ ಆಗೇವಿ ತಮ್ಮಾ" ಅಂದು ನಕ್ಕ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 2020, ಲಾಕ್‌ಡೌನ್. ನಾನು ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರಿಗೆ ಬಿದ್ದು ಒಂದು ವರ್ಷವೂ ಆಗಿರಲಿಲ್ಲ. ಬೆಂಗಳೂರಿನ ರೂಮು ಖಾಲಿ ಮಾಡಿ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದೆ. ಮಾಳಿಗೆಯ ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್. ಅಲ್ಲೇ ನನ್ನ ಆಫೀಸು. ಮುತ್ಯಾನಿಗೆ ಆಗ 82. ನಾನು ಇಯರ್‌ಫೋನ್ ಹಾಕಿಕೊಂಡು ಮಾತಾಡೋದನ್ನ ನೋಡ್ತಾ ಕೂತಿರ್ತಿದ್ದ. ಸೆಪ್ಟೆಂಬರಿನ ಒಂದು ಸಂಜೆ ಮೀಟಿಂಗ್ ಮುಗಿಯೋದನ್ನೇ ಕಾದು ಕೇಳಿದ.

"ತಮ್ಮಾ, ನೀ ಇಂಜಿನೀರ ಅಲ್ಲೇನು? ಬಂದೂಕ ಭಾಳ ವಜ್ಜ ಆಗೇತಿ. ಹೊಲದ ಮಟಾ ಹೊತಗೊಂಡ ಹೋಗೂದ್ರಾಗ ಸಾಕಾಕ್ಕೇತಿ. ಅದರ ವಜ್ಜ ಒಂದಿಷ್ಟ ಕಡಿಮಿ ಮಾಡಾಕ ಬರತೈತೇನ ನೋಡು."

ವಜ್ಜ ಅಂದ್ರೆ ಭಾರ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ಮೇಲೆ ಮನೆಯವರು ಮೊದಲ ಬಾರಿ ಒಂದು ಇಂಜಿನಿಯರಿಂಗ್ ಕೆಲಸ ಹೇಳಿದ್ದರು. ಅಲ್ಲಿವರೆಗೆ ಮಿಕ್ಸರ್ ರಿಪೇರಿ, ಮೊಬೈಲ್ ರೀಚಾರ್ಜ್ ಅಷ್ಟೇ. ಬಂದೂಕಿಗೆ ವಜ್ಜ ಆಗಿಲ್ಲ, ಅರವತ್ತು ವರ್ಷದಿಂದ ಅದರ ತೂಕ ಅಷ್ಟೇ ಇದೆ, ಬದಲಾದದ್ದು ಅದನ್ನ ಹೊರುವ ಹೆಗಲು ಅಂತ ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ. "ಮಾಡೂಣ ತಗೋ ಮುತ್ಯಾ" ಅಂದೆ.

ಆ ರಾತ್ರಿಯಿಂದಲೇ ಓದೋಕೆ ಶುರು. ಬಂದೂಕಿನ ತೂಕ ಇಳಿಸೋದು ದೊಡ್ಡ ಶಾಸ್ತ್ರವೇ. ಬೆಟ್ಟ ಹತ್ತಿ ಬೇಟೆಯಾಡುವ ದೇಶಗಳಲ್ಲಿ ಅದೊಂದು ಹುಚ್ಚು ಕೂಡ. ಕಟ್ಟಿಗೆ ಬಟ್ಟಿನ ಬದಲು ಕಾರ್ಬನ್ ಫೈಬರ್, ಉಕ್ಕಿನ ಭಾಗಗಳ ಬದಲು ಟೈಟಾನಿಯಂ, ನಳಿಗೆಯ ಹೊರಮೈಗೆ ಉದ್ದುದ್ದ ಗೀರು ಕೊರೆಯೋದು, ಸ್ಕ್ರೂಗಳನ್ನ ಕೂಡ ಬಿಡದೆ ಗ್ರಾಂ ಲೆಕ್ಕದಲ್ಲಿ ಉಳಿಸೋದು. ಎರಡನೇ ಮಹಾಯುದ್ಧದ ಕೊನೆಗೆ ಬ್ರಿಟಿಷರೇ ಇದನ್ನ ಮಾಡಿದ್ದರು. ತಮ್ಮ ಲೀ-ಎನ್‌ಫೀಲ್ಡ್ ರೈಫಲ್ಲನ್ನ ಕಾಡಿನ ಯುದ್ಧಕ್ಕೆ ಹಗುರ ಮಾಡಬೇಕೆಂದು 1944ರಲ್ಲಿ ನಳಿಗೆ ಕತ್ತರಿಸಿದರು, ಕಟ್ಟಿಗೆ ಕತ್ತರಿಸಿದರು, ಬೋಲ್ಟಿನ ಗುಂಡಿಯನ್ನೂ ಕೊರೆದು ಟೊಳ್ಳು ಮಾಡಿದರು. ನಾಲ್ಕು ಕಿಲೋಗೂ ಮೇಲಿದ್ದದ್ದು 3.2 ಕಿಲೋಗೆ ಇಳಿಯಿತು. ಅದಕ್ಕೆ ಜಂಗಲ್ ಕಾರ್ಬೈನ್ ಅಂತ ಹೆಸರು. ಯುದ್ಧ ಮುಗಿದ ಮೇಲೆ ಎಷ್ಟೋ ಜನ ಅದನ್ನ ಜಿಂಕೆ ಬೇಟೆಗೂ ಕೊಂಡರು.

ಅದೇ ಲೇಖನದ ಮುಂದಿನ ಪ್ಯಾರಾದಲ್ಲಿ ಅದರ ಒದೆತದ ಬಗ್ಗೆ, ಬಾಯಿಂದ ಬರುವ ಬೆಂಕಿಯ ಬಗ್ಗೆ, 1947ಕ್ಕೆಲ್ಲ ತಯಾರಿಕೆ ನಿಂತದ್ದರ ಬಗ್ಗೆ ಬರೆದಿತ್ತು. ನಾನು ಓದಿದೆ. ಆದರೆ ಓದಿದ್ದು ಕಣ್ಣು ಮಾತ್ರ. ನನಗೆ ಬೇಕಾದದ್ದು ಮೊದಲ ಪ್ಯಾರಾದಲ್ಲಿ ಆಗಲೇ ಸಿಕ್ಕಿಬಿಟ್ಟಿತ್ತಲ್ಲ.

ನಳಿಗೆ ಕತ್ತರಿಸೋದೇ ಸುಲಭ ಅಂತ ಮೊದಲು ಅನ್ನಿಸ್ತು. ನಮ್ಮದು 30 ಇಂಚು, ಉಕ್ಕು ಇರೋದೇ ಅಲ್ಲಿ. ಪುಣ್ಯಕ್ಕೆ ಕಾಯ್ದೆ ತೆಗೆದು ನೋಡಿದೆ. 1959ರ ಆಯುಧ ಕಾಯ್ದೆಯ 6ನೇ ಕಲಂ ಪ್ರಕಾರ ಅದಕ್ಕಂತಲೇ ಬೇರೆ ಲೈಸೆನ್ಸ್ ಇಲ್ಲದೆ ನಳಿಗೆ ಮೊಟಕು ಮಾಡುವುದೇ ಅಪರಾಧ. ಅದೇ ಕಾಯ್ದೆಯಲ್ಲಿ ರಕ್ಷಣೆಗೆ ಕೊಡುವ ಇಂಥ ನುಣುಪು ನಳಿಗೆಯ ಬಂದೂಕು 20 ಇಂಚಿಗಿಂತ ಕಡಿಮೆ ಇರಬಾರದು ಅಂತಲೂ ಇದೆ. ಸರಿ, ಉಕ್ಕಿನ ಸುದ್ದಿಗೆ ಹೋಗೋದು ಬೇಡ, ಉಳಿದದ್ದು ಕಟ್ಟಿಗೆ.

ಬಾದಾಮಿಯಲ್ಲಿ ನಮ್ಮ ಅತ್ತೆಯ ಮನೆ ಇದೆ. ಅವರ ಓಣಿಯಲ್ಲಿ ಬಡಿಗತನ ಮಾಡುವ ಒಬ್ಬ ಕಾಕಾ ಇದ್ದಾರೆ. ಬನಶಂಕರಿ ಜಾತ್ರೆಯಲ್ಲಿ ಬಾಗಿಲು, ಚೌಕಟ್ಟು ಮಾರಾಟಕ್ಕೆ ಇಡ್ತಾರಲ್ಲ, ಹೋದವರಿಗೆ ಗೊತ್ತಿರತ್ತೆ, ಅಂಥ ಬಾಗಿಲು ಮಾಡುವವರು. ಅತ್ತೆಯನ್ನ ನೋಡೋ ನೆಪದಲ್ಲಿ ಹೋದೆ. ಬಂದೂಕು ಒಯ್ದಿರಲಿಲ್ಲ, ಮೊಬೈಲಿನಲ್ಲಿ ಫೋಟೋ ಮಾತ್ರ. ಕಾಕಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇದರ ಕೆಲಸಾ ಲೈಸೆನ್ಸ್ ಇದ್ದಾವ್ರ ಮಾಡಬೇಕಪಾ. ನಾ ಕೈ ಹಚ್ಚಂಗಿಲ್ಲ" ಅಂದರು. ಆಮೇಲೆ ಉಳಿ ಮಸೆಯುತ್ತಾ, "ಮತ್ತ ಇನ್ನೊಂದು ಮಾತು. ಮಾಡಿದಾವ ಆ ವಜ್ಜ ಸುಮ್ನ ಇಟ್ಟಿರಂಗಿಲ್ಲ. ಬಾಗಲಾ ವಜ್ಜ ಆತಂತ ನಾ ಕೆಳಗಿನ ಪಟ್ಟಿ ತಗದ್ರ, ಮಳಿಗಾಲದಾಗ ಬಾಗಲಾ ಕುಂದ್ರತೈತೇನು?" ಅಂದರು.

ನಾನು ಹೂಂ ಅಂದೆ. ಈ ಸಲ ಜಾತ್ರೆ ಆಗತ್ತೋ ಇಲ್ಲವೋ ಅನ್ನೋ ಅವರ ಚಿಂತೆಗೂ ಹೂಂ ಅಂದು ಬಸ್ಸು ಹತ್ತಿದೆ.

ಮನೆಗೆ ಬಂದು ನಾನೇ ಕೂತೆ. ಮೊದಲು ಬಂದೂಕಿಗೆ ಗೋಣಿಚೀಲ ಸುತ್ತಿ, ಮುತ್ಯಾನ ಜೊತೆ ಪಕ್ಕದ ಕಿರಾಣಿ ಅಂಗಡಿಗೆ ಹೋಗಿ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ತೂಗಿದೆ. ಚೀಲದ ತೂಕ ಕಳೆದು 3.250. ಅಂಗಡಿಯವ ಹಿಂದೆ ಸರಿದು ನಿಂತಿದ್ದ :) ಆಮೇಲೆ ಬಟ್ಟಿನ ತುದಿಗೆ, ಅಂದರೆ ಹೆಗಲಿಗೆ ತಾಗುವ ಕಡೆ, ಎರಡು ಸ್ಕ್ರೂ ಹಾಕಿ ಕೂರಿಸಿದ್ದ ತಗಡಿನ ಪಟ್ಟಿ ಬಿಚ್ಚಿದೆ. ಎರಡು ತೂತು ಕೊರೆದು ಟೊಳ್ಳು ಮಾಡೋದು ನನ್ನ ಪ್ಲಾನು.

ತೂತು ಆಗಲೇ ಇತ್ತು! ಹೆಬ್ಬೆರಳಿನಷ್ಟು ದಪ್ಪದ್ದು. ಒಳಗೆ ಬಟ್ಟೆ ತುರುಕಿತ್ತು. ಎಳೆದರೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ್ದ ಸೀಸದ ಒಂದು ಉದ್ದನೆ ತುಂಡು ಹೊರಗೆ ಬಂತು. ತೂಗಿದೆ, 360 ಗ್ರಾಂ. ನನಗಾದ ಖುಷಿ ಕೇಳಬೇಡಿ. ಯಾವ ಕೆಲಸವನ್ನೂ ಮಾಡದ, ನಳಿಗೆಗೂ ತೋಟಾಕ್ಕೂ ಸಂಬಂಧವೇ ಇಲ್ಲದ ಒಂದು ತುಂಡು ಸೀಸ ಅರವತ್ತು ವರ್ಷದಿಂದ ಸುಮ್ಮನೆ ಸವಾರಿ ಮಾಡ್ತಿತ್ತು! ನಮ್ಮ ಭಾಷೆಯಲ್ಲಿ ಡೆಡ್ ಕೋಡ್. ಯಾರೂ ಕರೆಯದ ಫಂಕ್ಷನ್. ಡಿಲೀಟ್ ಮಾಡಿದೆ. ಅದಕ್ಕೆ ಜೊತೆಯಾಗಿ ಕಟ್ಟಿಗೆಯನ್ನೂ ಇನ್ನೊಂದು 60 ಗ್ರಾಂ ಕೊರೆದೆ. ಸೀಸ, ಬಟ್ಟೆ ಎರಡನ್ನೂ ಮೊಳೆ ಡಬ್ಬಿಗೆ ಹಾಕಿ, ಪಟ್ಟಿ ಮತ್ತೆ ಕೂರಿಸಿ ತೂಗಿದರೆ 2.830.

ಮುತ್ಯಾ ಎತ್ತಿ ನೋಡಿದ. "ಅಬಬಬ! ಬಾರಕೋಲ ಹಿಡದಂಗ ಆಗೇತಲೋ" ಅಂದ. ಓಣಿಯವರಿಗೆಲ್ಲ ಕರೆದು ತೋರಿಸಿದ. ಮಮ್ಮಗ ಇಂಜಿನೀರ ಅಂತ ಆವತ್ತು ಹೇಳಿದಷ್ಟು ಹೆಮ್ಮೆಯಿಂದ ಅವನು ಯಾವತ್ತೂ ಹೇಳಿರಲಿಲ್ಲ. ಎತ್ತಿ ಗುರಿ ಹಿಡಿದಾಗ ಮಾತ್ರ ನಳಿಗೆಯ ತುದಿ ಸ್ವಲ್ಪ ಕೆಳಗೆ ಜೋಲಿತು. "ಮುಂದ ಭಾರ ಆದಂಗ ಕಾಣತೈತಿ" ಅಂದ. "ರೂಢಿ ಆಕ್ಕೇತಿ ಬಿಡು" ಅಂತ ನಾನೇ ಸಮಾಧಾನ ಹೇಳಿದೆ.

ಅಕ್ಟೋಬರ್ ಎರಡನೇ ವಾರ. ಶೇಂಗಾ ಕೀಳೋಕೆ ಬಂದಿತ್ತು. ರಾತ್ರಿ ಹನ್ನೊಂದರ ಸುಮಾರಿಗೆ ಪಕ್ಕದ ಹೊಲದವರು ಫೋನ್ ಮಾಡಿದರು, ಹಂದಿ ಇಳಿದಾವೆ ಅಂತ. ಅಪ್ಪ ಊರಲ್ಲಿರಲಿಲ್ಲ. ಕಾಕಾ ಬ್ಯಾಟರಿ ಹಿಡಿದರು, ನಾನು ಕಂಬಳಿ, ನೀರಿನ ಬಾಟಲಿ. ಮುತ್ಯಾ ಬಂದೂಕು ಹೆಗಲಿಗೆ ಹಾಕಿಕೊಂಡು ನಮಗಿಂತ ಮುಂದೆ! ಹಗುರಾಗಿದೆ ಅನ್ನೋ ಉಮೇದು. ಹೊಲದ ಒಡ್ಡಿನ ಮೇಲೆ ನಿಂತು ಗುಡ್ಡದ ಕಡೆ ಮುಖ ಮಾಡಿ ಎತ್ತಿ ಹಾರಿಸಿದ. ಬೆಂಕಿ ಕಂಡಿತು, ಸದ್ದು ಕೇಳಿತು, ಹಂದಿ ಓಡಿದ ಸಪ್ಪಳವೂ ಕೇಳಿತು. ಬ್ಯಾಟರಿ ತಿರುಗಿಸಿ ನೋಡಿದರೆ ಒಡ್ಡಿನ ಮೇಲೆ ಮುತ್ಯಾ ಇರಲಿಲ್ಲ.

ಹಿಂದಕ್ಕೆ ಬಿದ್ದಿದ್ದ. ಬಲಗೈ ಎತ್ತಲಾಗುತ್ತಿರಲಿಲ್ಲ. ಬೆಳಗಿನ ಜಾವ ಬಾಗಲಕೋಟೆಗೆ ಕರಕೊಂಡು ಹೋದ್ವಿ. ಕೋವಿಡ್ ಕಾಲದ ಆಸ್ಪತ್ರೆ, ಒಳಗೆ ಒಬ್ಬರನ್ನ ಮಾತ್ರ ಬಿಡ್ತಾರೆ. ಎಕ್ಸ್‌ರೇ ನೋಡಿ ಹೆಗಲಿನ ಮುಂದಿನ ಎಲುಬು, ಕಾಲರ್ ಬೋನ್, ಬಿರುಕು ಬಿಟ್ಟಿದೆ ಅಂದರು. ಈ ವಯಸ್ಸಿಗೆ ಆಪರೇಷನ್ ಬೇಡ, ಆರು ವಾರ ಕೈ ಜೋಳಿಗೆಯಲ್ಲಿರಲಿ ಅಂದರು. ಹೆಂಗಾಯ್ತು ಅಂತ ಡಾಕ್ಟರು ಕೇಳಿದಾಗ ಮುತ್ಯಾ ಹೇಳಿದ್ದು ಒಂದೇ ಮಾತು. "ಒಡ್ಡಿನ ಮ್ಯಾಲ ಕಾಲ ಜಾರಿತ್ರೀ."

ಮನೆಯಲ್ಲೂ ಅದನ್ನೇ ಹೇಳಿದ. ಆಯಿ ಬೈದಳು, ಅಪ್ಪ ಫೋನಿನಲ್ಲಿ ಬೈದರು, ಕಾಕಾ ಬೈಸಿಕೊಂಡರು. ಯಾರೂ ನನಗೆ ಏನೂ ಅನ್ನಲಿಲ್ಲ. ಬಂದೂಕಿಗೂ ಇದಕ್ಕೂ ಸಂಬಂಧ ಇದೆ ಅಂತ ಯಾರಿಗೂ ಅನ್ನಿಸಲಿಲ್ಲ. ಆದರೆ ಮುತ್ಯಾನ ಹೆಗಲಿನ ಮೇಲೆ ಎದ್ದಿದ್ದ ನೀಲಿ ಕಲೆ ನಾನು ನೋಡಿದ್ದೆ. ಕಾಲು ಜಾರಿ ಹಿಂದಕ್ಕೆ ಬಿದ್ದವನಿಗೆ ಹೆಗಲಿನ ಮುಂಭಾಗಕ್ಕೆ ಯಾಕೆ ಕಲೆ ಬೀಳಬೇಕು?

ಆ ರಾತ್ರಿ ಮಾಳಿಗೆಯ ಮೇಲೆ ಕೂತು, ಮೊದಲೇ ಮಾಡಬೇಕಿದ್ದ ಲೆಕ್ಕ ಮಾಡಿದೆ. ನಿಮಗೂ ಹೇಳ್ತೀನಿ, ಪಿಯುಸಿ ಭೌತಶಾಸ್ತ್ರಕ್ಕಿಂತ ಹೆಚ್ಚೇನಿಲ್ಲ. ಚರೆ 32 ಗ್ರಾಂ ಅಂತ ಹಿಡಿಯಿರಿ. ಸೆಕೆಂಡಿಗೆ ಸುಮಾರು 370 ಮೀಟರ್ ವೇಗದಲ್ಲಿ ಮುಂದೆ ಹೋಗತ್ತೆ. ಅದರ ಜೊತೆ ಬಿರಡೆ, ಮದ್ದಿನ ಹೊಗೆ ಎಲ್ಲ ಸೇರಿ ಸಂವೇಗ ಸುಮಾರು 14 ಆಗತ್ತೆ. ಮುಂದೆ ಎಷ್ಟು ಹೋಯ್ತೋ ಹಿಂದಕ್ಕೂ ಅಷ್ಟೇ ಬರಬೇಕು. ಅದನ್ನ ಬಂದೂಕಿನ ತೂಕದಿಂದ ಭಾಗಿಸಿದರೆ ಬಂದೂಕು ಹಿಂದಕ್ಕೆ ಬರುವ ವೇಗ. 3.25 ಕಿಲೋ ಇದ್ದಾಗ ಸೆಕೆಂಡಿಗೆ 4.3 ಮೀಟರ್, ಹೆಗಲಿಗೆ ಬೀಳುವ ಶಕ್ತಿ ಸುಮಾರು 30 ಜೂಲ್. 2.83 ಕಿಲೋ ಆದಾಗ 4.9 ಮೀಟರ್, ಸುಮಾರು 35 ಜೂಲ್. ನೂರಕ್ಕೆ ಹದಿನೈದರಷ್ಟು ಜಾಸ್ತಿ. ಗುಂಡಿನ ಪೆಟ್ಟಿಗೆ ತೂಕ ಅನ್ನೋದು ಅಣೆಕಟ್ಟು ಇದ್ದ ಹಾಗೆ. ದಾರಿಯುದ್ದಕ್ಕೂ ಹೊರುವಾಗ ಅದು ಹೊರೆ, ಹಾರಿಸುವ ಆ ಒಂದು ಕ್ಷಣ ಮಾತ್ರ ಅದು ನಿಮ್ಮ ಮತ್ತು ಪೆಟ್ಟಿನ ನಡುವೆ ನಿಂತಿರತ್ತೆ.

ಹದಿನೈದು ಪರ್ಸೆಂಟ್ ಏನು ಮಹಾ ಅನ್ನಬಹುದು. ಗಟ್ಟಿ ಹೆಗಲಿಗೆ ಏನೂ ಅಲ್ಲ. ಆದರೆ ಹಿಂದಿನ ಸೀಸ ತೆಗೆದದ್ದರಿಂದ ಬಂದೂಕಿನ ಸಮತೋಲನ ಮುಂದಕ್ಕೆ ಹೋಗಿತ್ತು. ಜೋಲುವ ನಳಿಗೆಯನ್ನ ಎತ್ತುವ ಹೊತ್ತಿಗೆ ಬಟ್ಟು ಹೆಗಲಿಗೆ ಸರಿಯಾಗಿ ಒತ್ತಿಕೊಂಡಿರಲಿಲ್ಲ. ಸಡಿಲ ಹಿಡಿದ ಬಂದೂಕು ತಳ್ಳೋದಿಲ್ಲ, ಗುದ್ದತ್ತೆ. ಮೇಲಾಗಿ 82 ವರ್ಷದ ಎಲುಬು.

ಇನ್ನೂ ಸ್ವಲ್ಪ ಓದಿದ ಮೇಲೆ ಇಂಗ್ಲೆಂಡಿನ ಗ್ರೀನರ್ ಎಂಬ ಬಂದೂಕು ತಯಾರಕನ ಸೂತ್ರ ಸಿಕ್ತು. 19ನೇ ಶತಮಾನದವನು. ಬಂದೂಕಿನ ತೂಕ ಅದು ಹಾರಿಸುವ ಚರೆಯ ತೂಕದ 96 ಪಟ್ಟಾದರೂ ಇರಬೇಕು ಅಂತ ಅವನ ಲೆಕ್ಕ. 32 ಗ್ರಾಮಿನ 96 ಪಟ್ಟು ಅಂದರೆ 3 ಕಿಲೋ 72 ಗ್ರಾಂ. ಈಗ ನೋಡಿ. ಸೀಸ ಇಲ್ಲದ, ನಾನು ಕೊರೆಯದ ಮೂಲ ಬಂದೂಕು 2.890. ಕಡಿಮೆ ಬೀಳತ್ತೆ. ಸೀಸ ಸೇರಿದ ಮೇಲೆ 3.250, ಸರಿಯಾಗಿ ಮೇಲೆ. ಯಾರೋ ಒಬ್ಬರು ಗೊತ್ತಿದ್ದೇ ಹಾಕಿದ್ದಾರೆ. ಬಾದಾಮಿಯ ಕಾಕಾ ಹೇಳಿದ್ದು ಅದನ್ನೇ ಅಲ್ಲವಾ?

ನಾಲ್ಕು ದಿನ ಒದ್ದಾಡಿದೆ. ಐದನೇ ದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಮೊಳೆ ಡಬ್ಬಿಯಿಂದ ಅದನ್ನ ತಂದು ಮುತ್ಯಾನ ಹಾಸಿಗೆಯ ಹತ್ತಿರ ಕೂತೆ. "ಮುತ್ಯಾ, ನೀ ಕಾಲ ಜಾರಿ ಬಿದ್ದಿಲ್ಲ. ನಾ ಇದನ್ನ ತಗದಿದ್ದೆ, ಅದಕ್ಕ ಬಂದೂಕ ಒದೀತು" ಅಂದೆ. ಗಂಟಲು ಕಟ್ಟಿತ್ತು.

ಅವನು ಸೀಸವನ್ನ ಎಡಗೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಸೀಸಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ಅದಕ್ಕೆ ಸುತ್ತಿದ್ದ ಬಟ್ಟೆಯನ್ನ. ಎಣ್ಣೆ ಕುಡಿದು ಕಪ್ಪಾಗಿತ್ತು. ಬೆರಳಿನಿಂದ ತಿಕ್ಕಿದಾಗ ಕೆಂಪು ಕಂಡಿತು. ಇಳಕಲ್ ಸೀರೆಯ ದಡಿಯಿಂದ ಹರಿದ ಪಟ್ಟಿ ಅದು.

"ಇದು ನಮ್ಮವ್ವನ ಸೀರಿ ದಡಿ" ಅಂದ.

ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಒಮ್ಮೆಲೇ ನಗೋಕೆ ಶುರು ಮಾಡಿದ. ನಕ್ಕರೆ ಹೆಗಲು ನೋಯತ್ತೆ, ನೋವಿಗೆ ಮುಖ ಹಿಂಡಿ ಮತ್ತೆ ನಗು.

"ಬಂದೂಕ ತಂದ ವರ್ಷ ನನಗ ಹದಿನೇಳು. ಹಾರಸಾಕ ಕಲಸ್ತಿದ್ದ ನಮ್ಮಪ್ಪ. ಕತ್ತಿಗತೆ ಒದೀತಿತ್ತು ತಮ್ಮಾ. ಹೆಗಲಾ ನೀಲಿ ಆಕ್ಕಿತ್ತು, ಆದ್ರ ಅಪ್ಪನ ಮುಂದ ನೋವಾತಂತ ಹ್ಯಾಂಗ ಹೇಳೂದು? ಮರು ವರ್ಷ ಸುಗ್ಗಿ ಹೊತ್ತಿಗೆ ಒದ್ಯಾಣಿಲ್ಲ. ನಾ ಏನ ತಿಳಕೊಂಡೆ ಗೊತ್ತೇನು? ನಾ ಗಂಡಸ ಆದೆ, ಹೆಗಲ ಗಟ್ಟಿ ಆತು ಅಂತ ತಿಳಕೊಂಡಿದ್ದೆ! ಊರ ತುಂಬ ಹೇಳಕೋತ ಅಡ್ಡಾಡೇನಿ. ಅರವತ್ತ ವರ್ಷ ಮೋಸಾ ಮಾಡ್ಯಾರ ನೋಡ ಇಬ್ರೂ ಕೂಡಿ."

ಅಪ್ಪ ಸೀಸ ಕಾಯಿಸಿ ಎರೆದದ್ದು, ಅವ್ವ ಸೀರೆ ಹರಿದು ಕೊಟ್ಟದ್ದು, ಮಗನಿಗೆ ಗೊತ್ತಾಗದ ಹಾಗೆ ಬಟ್ಟಿನೊಳಗೆ ಇಟ್ಟು ಸ್ಕ್ರೂ ಬಿಗಿದದ್ದು. ಇಬ್ಬರೂ ಹೋಗುವವರೆಗೆ ಒಂದು ಮಾತೂ ಆಡಿಲ್ಲ. ಮಗ ನೋವಾಯ್ತು ಅನ್ನಲಿಲ್ಲ, ಅವರೂ ಗೊತ್ತಾಯ್ತು ಅನ್ನಲಿಲ್ಲ. ಈಗ ಮಗ ನನಗಾಗಿ "ಕಾಲ ಜಾರಿತ್ರೀ" ಅಂದಿದ್ದ. ನಮ್ಮ ಮನೆಯವರ ಚಾಳಿಯೇ ಇದು ಅಂತ ಕಾಣತ್ತೆ.

ನಾನು ತೆಗೆದದ್ದು ಒಟ್ಟು 420 ಗ್ರಾಂ ಅಂತ ಹೇಳಿದಾಗ, "ಚಾರ್ ಸೌ ಬೀಸ್! ನಂಬರನೂ ಬರೋಬ್ಬರಿ ಬಿದ್ದೈತಿ" ಅಂತ ಮತ್ತೊಂದು ಸುತ್ತು ನಕ್ಕ.

ಸೀಸವನ್ನ ಅದೇ ದಡಿಯಲ್ಲಿ ಸುತ್ತಿ ಮತ್ತೆ ಒಳಗೆ ಇಟ್ಟೆ. ಕೊರೆದ 60 ಗ್ರಾಂ ಕಟ್ಟಿಗೆ ಮಾತ್ರ ವಾಪಸ್ ಬರಲಿಲ್ಲ. ಕೈ ಜೋಳಿಗೆ ಬಿಚ್ಚಿದ ಮೇಲೆ ಮುತ್ಯಾ ಒಂದು ಸಲ ಎತ್ತಿ ನೋಡಿ, "ಹಾಂ, ಇದು ನಮ್ಮ ಬಂದೂಕ" ಅಂದ. ವಜ್ಜ ಅನ್ನಲಿಲ್ಲ. ಆದರೆ ಹೊಲಕ್ಕೂ ಒಯ್ಯಲಿಲ್ಲ. ಮರುವರ್ಷದಿಂದ ಹಂದಿಗೆ ಬೇರೆ ಉಪಾಯ ಮಾಡಿದ್ವಿ. ನಮ್ಮ ಸೀಮೆಯಲ್ಲಿ ಹೊಲದ ಸುತ್ತ ಹಳೇ ಸೀರೆ ಕಟ್ಟಿರೋದನ್ನ ನೀವು ಬಸ್ಸಿನಿಂದ ನೋಡಿರಬಹುದು. ಗಾಳಿಗೆ ಪಟಪಟ ಅಂದರೆ ಹಂದಿ ಹೆದರ್ತವೆ, ಮನುಷ್ಯರ ವಾಸನೆಯೂ ಇರತ್ತೆ ಅಂತ. ಆಯಿಯ ಹಳೇ ಇಳಕಲ್ ಸೀರೆಗಳೆಲ್ಲ ಹೊಲ ಸೇರಿದವು. ಪೂರ್ತಿ ಉಪಯೋಗ ಆಯ್ತು ಅಂತ ಹೇಳಲ್ಲ, ಒಂದಷ್ಟು ಶೇಂಗಾ ಹಂದಿಗೆ ಹೋಗೇ ಹೋಯ್ತು. ಆದರೆ ತೂಕ ಇಳಿಸೋ ವಿಷಯದಲ್ಲಿ ಇದನ್ನ ಮೀರಿಸಿದ್ದು ನಾನು ಕಂಡಿಲ್ಲ.

ಮುತ್ಯಾ 2023ರ ಜನವರಿಯಲ್ಲಿ ಹೋದ. ಲೈಸೆನ್ಸ್ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು ಅವಕಾಶ ಇತ್ತು. ಕಾಕಾ ಎರಡು ದಿನ ಯೋಚನೆ ಮಾಡಿ ಬೇಡ ಅಂದರು. ಅಪ್ಪನಿಗೆ ಮೊದಲೇ ಬೇಡ. ಮೇ ತಿಂಗಳ ವಿಧಾನಸಭೆ ಚುನಾವಣೆಗೆ ಎಲ್ಲರ ಬಂದೂಕು ಕರೆಸುವ ಮುಂಚೆಯೇ ನಮ್ಮದನ್ನ ಕಾಯಂ ಆಗಿ ಒಪ್ಪಿಸಿ ಬಂದ್ವಿ. ನಾನೂ ಹೋಗಿದ್ದೆ. ಮೇಜಿನಿಂದ ಎತ್ತಿ ಒಳಗೆ ಒಯ್ಯುವಾಗ ಅಲ್ಲಿನ ಪೊಲೀಸಿನವರು, "ಒಂಟಿ ನಳಗಿಗೆ ಭಾಳ ವಜ್ಜ ಐತಲ್ರೀ" ಅಂದರು. ಅಪ್ಪ "ಹಳೇದ್ರೀ" ಅಂದರು. ನಾನು ಸುಮ್ಮನಿದ್ದೆ.

ರಸೀದಿಯಲ್ಲಿ ಬಂದೂಕಿನ ನಂಬರು, ಬೋರು, ನಳಿಗೆಯ ಉದ್ದ, ತಯಾರಿಸಿದ ದೇಶ ಎಲ್ಲಕ್ಕೂ ಜಾಗ ಇತ್ತು. ತೂಕಕ್ಕೆ ಇರಲಿಲ್ಲ. ಹಾಗಾಗಿ ಅದು ನನ್ನ ಹತ್ತಿರ ಇರುವ ಕಿರಾಣಿ ಚೀಟಿಯ ಮೇಲೆ ಮಾತ್ರ ಉಳಿದಿದೆ. ಚೀಟಿ ಎಸೆಯಲಿಲ್ಲ. ಅಲಮಾರಿಯಲ್ಲಿ ಲೈಸೆನ್ಸಿನ ಹಳೇ ಪುಸ್ತಕದೊಳಗೆ ಇಟ್ಟು ಬಂದಿದ್ದೇನೆ.

ಈಗ ಆಫೀಸಿನಲ್ಲಿ ಯಾರೋ ಹತ್ತು ವರ್ಷದ ಹಿಂದೆ ಬರೆದ, ಏನು ಮಾಡತ್ತೆ ಅಂತ ಗೊತ್ತಾಗದ ನಾಲ್ಕು ಸಾಲು ಕಂಡರೆ ಅಳಿಸೋಕೆ ಮೊದಲು ಒಂದು ಸಲ ಕೈ ತಡೆಯತ್ತೆ. ಬರೆದವರು ಕೆಲಸ ಬಿಟ್ಟು ಹೋಗಿರ್ತಾರೆ, ಕೇಳೋಣ ಅಂದರೆ ಯಾರೂ ಇರಲ್ಲ. ಕೆಲವೊಮ್ಮೆ ಅಳಿಸ್ತೀನಿ ಕೂಡ, ಯಾವಾಗಲೂ ಸೀಸವೇ ಇರಬೇಕಂತ ಇಲ್ಲವಲ್ಲ.

ನಿಮ್ಮ ಮನೆಗಳಲ್ಲೂ ಇಂಥ ಯಾವುದಾದರೂ ಸೀಸದ ತುಂಡು ಇದ್ದರೆ, ಬಿಚ್ಚುವ ಮೊದಲು ಮನೆಯ ಹಿರಿಯರನ್ನ ಒಂದು ಮಾತು ಕೇಳಿ. ಸಿಕ್ಕ ಕತೆಯನ್ನ ಇಲ್ಲಿ ಹೇಳೋದನ್ನ ಮರೀಬೇಡಿ. ಮತ್ತೆ ಸಿಗೋಣ.